ಹಲ್ಲಿಗೆ ಕಿರೀಟ, ಹಲ್ಲಿಗೆ ಸೇತುವೆ

ಮಕ್ಕಳೇ, ಮುರಿದ ಮೂಳೆ ಮತ್ತೆ ಕೂಡಿಕೊಳ್ಳುತ್ತದೆ. ಮುರಿದ ಹಲ್ಲು ಏಕೆ ಕೂಡಿಕೊಳ್ಳುವುದಿಲ್ಲ? ಹಲ್ಲಿನ ಹೊರಕವಚವಾದ ಎನಾಮಲ್ ನಮ್ಮ ದೇಹದಲ್ಲೇ ಅತಿ ಗಟ್ಟಿಯಾದ ವಸ್ತು. ಆದರೆ ಅದರಲ್ಲಿ ಜೀವಕೋಶಗಳಿಲ್ಲ. ಆದ್ದರಿಂದ ಒಮ್ಮೆ ಒಡೆದರೆ ಅದು ಮತ್ತೆ ಬೆಳೆಯುವುದಿಲ್ಲ.

ಹುಳುಕಿನಿಂದ ಹಲ್ಲಿನ ಮೇಲ್ಭಾಗ ಹಾಳಾಗಿದ್ದರೂ ಬೇರು ಭದ್ರವಾಗಿದ್ದರೆ ದಂತವೈದ್ಯರು 'ಕ್ರೌನ್', ಅಂದರೆ ಕಿರೀಟ ತೊಡಿಸಬಹುದು. ಇದನ್ನೇ ಜನರು 'ಕ್ಯಾಪ್' ಎನ್ನುತ್ತಾರೆ. ಮೊದಲು ಹುಳುಕನ್ನು ತೆಗೆದು, ಹಲ್ಲನ್ನು ಸುತ್ತಲೂ ಸವೆಸಿ ಚಿಕ್ಕದಾಗಿಸುತ್ತಾರೆ. ಅದರ ಅಳತೆಗೆ ಲೋಹ ಅಥವಾ ಪಿಂಗಾಣಿಯ ಕ್ಯಾಪ್ ಮಾಡಿಸಿ, ವಿಶೇಷ ಸಿಮೆಂಟಿನಿಂದ ಅಂಟಿಸುತ್ತಾರೆ.

ಹಲ್ಲೇ ಹೋಗಿಬಿಟ್ಟರೆ? ಜಾಗ ಖಾಲಿ ಬಿಟ್ಟರೆ ಪಕ್ಕದ ಹಲ್ಲುಗಳು ಕ್ರಮೇಣ ಅತ್ತ ವಾಲಬಹುದು. ಎದುರು ದವಡೆಯ ಹಲ್ಲು ಆ ಜಾಗಕ್ಕೆ ಚಾಚಿಕೊಳ್ಳಬಹುದು. ಇದನ್ನು ತಡೆಯಲು 'ಬ್ರಿಡ್ಜ್', ಅಂದರೆ ಸೇತುವೆ ಕಟ್ಟುತ್ತಾರೆ. ಅಕ್ಕಪಕ್ಕದ ಹಲ್ಲುಗಳೇ ಇದರ ಕಂಬಗಳು. ಅವೆರಡಕ್ಕೂ ಕ್ಯಾಪ್ ತೊಡಿಸಿ, ನಡುವೆ ಕೃತಕ ಹಲ್ಲನ್ನು ಬೆಸೆದಿರುತ್ತಾರೆ. ಸುಮಾರು 2,500 ವರ್ಷಗಳ ಹಿಂದೆಯೇ ಇಟಲಿಯ ಎಟ್ರುಸ್ಕನ್ ಜನರು ಚಿನ್ನದ ಪಟ್ಟಿಯಿಂದ ಬದಲಿ ಹಲ್ಲನ್ನು ಪಕ್ಕದ ಹಲ್ಲುಗಳಿಗೆ ಬಿಗಿಯುತ್ತಿದ್ದರು!

ಆದರೆ ಗಮನಿಸಿ: ಇಂದಿನ ಇಂತಹ ಸೇತುವೆಗಾಗಿ ಕಂಬವಾಗುವ ಒಳ್ಳೆಯ ಹಲ್ಲುಗಳನ್ನೂ ಸವೆಸಬೇಕು. ಒಂದು ಹಲ್ಲು ಹೋದರೆ ಎರಡು ಹಲ್ಲುಗಳು ಎನಾಮಲ್ ಕಳೆದುಕೊಳ್ಳುತ್ತವೆ.

ಮಾಡಿ ನೋಡಿ: ಕನ್ನಡಿಯಲ್ಲಿ ಕೆಳದವಡೆಯ ಮುಂಭಾಗದ ನಡುವಿನಿಂದ ಒಂದು ಬದಿಗೆ ಹಲ್ಲುಗಳನ್ನು ಎಣಿಸಿ. ಬಿದ್ದ ಹಲ್ಲಿನ ಜಾಗವನ್ನೂ ಸೇರಿಸಿ. ಆರನೆಯದು ಸುಮಾರು ಆರನೇ ವಯಸ್ಸಿಗೆ ಬಂದ ಶಾಶ್ವತ ದವಡೆಹಲ್ಲು. ಅದು ಬಿದ್ದರೆ ಇನ್ನೊಂದು ಹುಟ್ಟುವುದಿಲ್ಲ. ಇಂದು ರಾತ್ರಿ ಮಲಗುವ ಮುನ್ನ ಅದನ್ನು ಮರೆಯದೆ ಉಜ್ಜುವಿರಲ್ಲವೇ?