ಸಿಎಂಎಲ್ ಮತ್ತು ಇಲಿ ಮಾದರಿಗಳು: ಪರೀಕ್ಷೆಗೆ ಮುಖ್ಯಾಂಶಗಳು

ರೋಗ: ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ, ಅಂದರೆ ಸಿಎಂಎಲ್, ನಿಧಾನವಾಗಿ ಬೆಳೆಯುವ ರಕ್ತದ ಕ್ಯಾನ್ಸರ್. ಬಿಳಿ ರಕ್ತಕಣ ಮಿತಿಮೀರುತ್ತದೆ, ಗುಲ್ಮ ಊದಿಕೊಳ್ಳುತ್ತದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ರೋಗಿಗೆ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಾಗಲಿ ಬೆಂಗಳೂರಿನ ಕಿದ್ವಾಯಿಯಲ್ಲಾಗಲಿ ಬರೆದುಕೊಡುವ ಇಮಾಟಿನಿಬ್ ಮಾತ್ರೆಯ ಹಿಂದೆ ಇಲಿಗಳ ಮೇಲೆ ನಡೆದ ದೊಡ್ಡ ಕೆಲಸವಿದೆ.

ವಂಶವಾಹಿ: 1960ರಲ್ಲಿ ನೋವೆಲ್ ಮತ್ತು ಹಂಗರ್‌ಫರ್ಡ್ ರೋಗಿಗಳ ಜೀವಕೋಶಗಳಲ್ಲಿ ಪುಟ್ಟ ‘ಫಿಲಡೆಲ್ಫಿಯಾ ಕ್ರೋಮೋಸೋಮ್’ ಕಂಡರು. 9 ಮತ್ತು 22ನೇ ಕ್ರೋಮೋಸೋಮ್‌ಗಳು ತುಂಡು ಅದಲುಬದಲು ಮಾಡಿಕೊಂಡದ್ದರಿಂದ ಹೀಗಾಯಿತೆಂದು 1973ರಲ್ಲಿ ಜಾನೆಟ್ ರೌಲಿ ತೋರಿಸಿದರು. ಅಲ್ಲಿ ಹುಟ್ಟುವ ವಂಶವಾಹಿ ಬಿಸಿಆರ್-ಎಬಿಎಲ್. ಅದರ ಪಿ210 ಪ್ರೋಟೀನ್ ಸದಾ ಚುರುಕಾಗಿರುವ ಟೈರೋಸಿನ್ ಕೈನೇಸ್.

1990, ಮರೆಯಬಾರದ ವರ್ಷ: ಈ ವಂಶವಾಹಿ ರೋಗದ ಕಾರಣವೋ, ಬರಿಯ ಗುರುತೋ? ರೋಗಿಗಳನ್ನು ನೋಡಿದರಷ್ಟೇ ಇದು ತಿಳಿಯುವಂತಿರಲಿಲ್ಲ. ಡೇಲಿ, ವ್ಯಾನ್ ಎಟನ್, ಬಾಲ್ಟಿಮೋರ್ ರೆಟ್ರೋವೈರಸ್ ಮೂಲಕ ಈ ವಂಶವಾಹಿಯನ್ನು ಇಲಿಯ ಅಸ್ಥಿಮಜ್ಜೆಯ ಕೋಶಗಳಿಗೆ ಸೇರಿಸಿ, ವಿಕಿರಣ ಕೊಟ್ಟ ಇಲಿಗಳಿಗೆ ಕಸಿ ಮಾಡಿದರು. ಸಿಎಂಎಲ್ ಹೋಲುವ ಕಾಯಿಲೆ ಬಂತು. ಉತ್ತರದಲ್ಲಿ ‘ಇಲಿಗೆ ರೋಗ ಬಂತು’ ಎಂದಷ್ಟೇ ಬರೆದರೆ ಸಾಲದು; ರೋಗ ಹುಟ್ಟಿಸಲು ಈ ವಂಶವಾಹಿಯೇ ಸಾಕು ಎಂಬುದು ಇಲ್ಲಿಯ ತೀರ್ಮಾನ.

ಕೊರತೆ: ಈ ಮಾದರಿ ಮುಂದೆ ಸುಧಾರಿಸಿದಾಗ ಇಲಿಗಳು ಕೆಲವೇ ವಾರಗಳಲ್ಲಿ ಸಾಯತೊಡಗಿದವು. ಮನುಷ್ಯರಲ್ಲಿ ವರ್ಷಗಟ್ಟಲೆ ಎಳೆಯುವ ಮೊದಲ ಹಂತ ಅಲ್ಲಿ ಕಾಣಸಿಗದು.

ವಂಶವಾಹಿಯ ಸ್ವಿಚ್: ಟೆಟ್ರಾಸೈಕ್ಲಿನ್ ಕೊಟ್ಟರೆ ಬಿಸಿಆರ್-ಎಬಿಎಲ್ ಆರುವ, ನಿಲ್ಲಿಸಿದರೆ ಹೊತ್ತಿಕೊಳ್ಳುವ ಇಲಿಗಳು 2000ರ ಹೊತ್ತಿಗೆ ಬಂದವು. ವಂಶವಾಹಿ ಆರಿದಾಗ ಲ್ಯುಕೇಮಿಯಾವೂ ಇಳಿಯಿತು. ಆದರೆ ಆ ಮೊದಲ ಇಲಿಗಳದ್ದು ತೀವ್ರ ಬಗೆಯ ಲ್ಯುಕೇಮಿಯಾ. ಸಿಎಂಎಲ್ ಹೋಲುವ ಸ್ವಿಚ್ ಮಾದರಿ ಬಂದದ್ದು 2005ರಲ್ಲಿ.

ಮಾನವ ಕೋಶದ ಕಸಿ: ರೋಗನಿರೋಧಕ ಶಕ್ತಿಯಿಲ್ಲದ ಇಲಿಗಳೇ ಬೇಕು. ಮೊದಲ ಹಂತದ ಸಿಎಂಎಲ್ ಕೋಶ ಅಲ್ಲಿ ಸರಿಯಾಗಿ ನಾಟುವುದಿಲ್ಲ.

ಔಷಧ: 1996ರಲ್ಲಿ ಬ್ರಯನ್ ಡ್ರೂಕರ್ ತಂಡ, ಬಿಸಿಆರ್-ಎಬಿಎಲ್ ಕೈನೇಸನ್ನು ತಡೆಯುವ ಇಮಾಟಿನಿಬ್ ಇಲಿಗಳಲ್ಲಿ ಗೆಡ್ಡೆ ಬೆಳವಣಿಗೆ ತಗ್ಗಿಸಿದ್ದನ್ನು ವರದಿ ಮಾಡಿತು, 2001ರ ಮೇನಲ್ಲಿ ಅಮೆರಿಕದ ಅನುಮತಿ ಸಿಕ್ಕಿತು. 2013ರ ಏಪ್ರಿಲ್ 1ರಂದು ನಮ್ಮ ಸುಪ್ರೀಂ ಕೋರ್ಟ್ ಇದರ ತಯಾರಕ ಕಂಪನಿ ನೋವಾರ್ಟಿಸ್‌ನ ಪೇಟೆಂಟ್ ಅರ್ಜಿ ತಳ್ಳಿಹಾಕಿದ್ದರಿಂದ ಕಡಿಮೆ ಬೆಲೆಯ ಜೆನೆರಿಕ್ ಮಾತ್ರೆಗಳು ಬಡವರ ಕೈಗೆ ಎಟುಕುವಂತೆಯೇ ಉಳಿದವು. ಬಿಸಿಆರ್-ಎಬಿಎಲ್ ಕೈನೇಸಿನಲ್ಲಿ ಟಿ315ಐ ರೂಪಾಂತರವಿದ್ದರೆ ಈ ಮಾತ್ರೆ ಕೆಲಸ ಮಾಡದು, ಅದಕ್ಕೆ ಪೊನಾಟಿನಿಬ್.

ಕಾಂಡಕೋಶ: ಲ್ಯುಕೇಮಿಯಾದ ಕಾಂಡಕೋಶಗಳನ್ನು ಇಮಾಟಿನಿಬ್ ಪೂರ್ತಿ ಕೊಲ್ಲುವುದಿಲ್ಲವೆಂದು ಇಲಿ ಮಾದರಿಗಳಲ್ಲೂ ಕಂಡುಬಂದಿದೆ. ಹುಷಾರಾದೆನೆಂದು ರೋಗಿ ತಾನಾಗಿ ಮಾತ್ರೆ ಬಿಟ್ಟರೆ ಕಾಯಿಲೆ ಮರುಕಳಿಸುವುದಕ್ಕೆ ಈ ಕೋಶಗಳೇ ಕಾರಣವೆಂದು ತಿಳಿಯಲಾಗಿದೆ.