ಅತ್ತೆಯವರ ಮೊಣಕಾಲು ಮತ್ತು ಲಂಡನ್

ವಿದ್ಯಾನಗರದ ಅಕ್ಕಾರ, ನಾಲ್ಕು ದಿನಕ್ಕೆ ನೀವು ಬರೆದುಕೊಂಡಿರುವ ಹದಿನೆಂಟು ಜಾಗಗಳಲ್ಲಿ ಮುಕ್ಕಾಲು ಪಾಲನ್ನು ಇವತ್ತೇ ಹೊಡೆದುಹಾಕಿ. ಎಪ್ಪತ್ತರ ಅತ್ತೆಯವರಿಗೂ ಎಂಟು ವರ್ಷದ ಮಗನಿಗೂ ದಿನಕ್ಕೊಂದು ದೊಡ್ಡ ಜಾಗ ಸಾಕು.

ಅತ್ತೆಯವರ ಆಸೆಯಿಂದಲೇ ಶುರು ಮಾಡಿ. ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಬಸವಣ್ಣನವರ ಪ್ರತಿಮೆಯಿದೆ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ಟಿಕೆಟ್ಟಿಲ್ಲ, ಸರದಿಯಿಲ್ಲ. ಅಲ್ಲಿಂದ ನದಿಯ ಪಕ್ಕದಲ್ಲೇ ಕೂತು ಎದ್ದು ನಡೆದರೆ ಎದುರು ದಂಡೆಯಲ್ಲಿ ಪಾರ್ಲಿಮೆಂಟು, ಬಿಗ್ ಬೆನ್. ಇದೇ ದಂಡೆಯಲ್ಲಿ ಮುಂದೆ ಹೋದರೆ ಹುಡುಗ ಹಟ ಹಿಡಿದಿರುವ ಲಂಡನ್ ಐ. ಒಂದು ದಿನ ಅಲ್ಲೇ ಮುಗಿಯಿತು, ಮುಗಿಯಲಿ.

ಸುರಂಗ ರೈಲು ಬೇಗ ಮುಟ್ಟಿಸುತ್ತದೆ, ಖರೆ. ಆದರೆ ಹಲವು ಹಳೆಯ ನಿಲ್ದಾಣಗಳಲ್ಲಿ ಲಿಫ್ಟ್ ಇಲ್ಲ. ಕೆಂಪು ಬಸ್ಸೇ ವಾಸಿ: ನೆಲ ತಗ್ಗು, ಹತ್ತುವುದು ಸುಲಭ. ಅಲ್ಲಿ ನಗದು ನಡೆಯುವುದಿಲ್ಲ, ದೊಡ್ಡವರಿಗೆ ತಲೆಗೊಂದು ಕಾರ್ಡ್ ಬೇಕು, ಮಗನಿಗೆ ಉಚಿತ. ಬ್ರಿಟಿಷ್ ಮ್ಯೂಸಿಯಂ ಪ್ರವೇಶಕ್ಕೂ ದುಡ್ಡಿಲ್ಲ, ಹಾಗಾಗಿ ಕಾಲು ಸೋತರೆ ಒಂದು ತಾಸಿಗೇ ಹೊರಬನ್ನಿ.

ಯಜಮಾನರ ‘ಪ್ಯಾರಿಸ್ಸೂ ಒಂದಿನ’ ಬಿಟ್ಟುಬಿಡಿ. ಅದಕ್ಕೆ ಷೆಂಗೆನ್ ವೀಸಾ ಬೇರೆ ಮಾಡಿಸಬೇಕು. ಕಟಕ್ ರೊಟ್ಟಿ, ಶೇಂಗಾ ಚಟ್ನಿ ಧಾರಾಳವಾಗಿ ಕಟ್ಟಿಕೊಳ್ಳಿ. ಧಾರವಾಡ ಪೇಢೆ ಬೇಡ, ಭಾರತದಿಂದ ಹಾಲಿನ ತಿನಿಸು ಒಯ್ಯಲು ಬ್ರಿಟನ್ನಿನಲ್ಲಿ ನಿರ್ಬಂಧವಿದೆ.