ದೊಡ್ಡ ಸಂಖ್ಯೆ ಒಡೆಯಲು ನಿಮ್ಮೂರ ಪಿನ್‌ಕೋಡ್ ಸಾಕು: ಏಳು ಸೂತ್ರಗಳು

ಆರಂಕಿಯ ಸಂಖ್ಯೆ ಕಂಡೊಡನೆ ಪೆನ್ನು ಕೆಳಗಿಡುವ ಮಕ್ಕಳನ್ನು ನೋಡಿದರೆ ಸಂಕಟವಾಗುತ್ತದೆ. ವಿಳಾಸ ಬರೆಯುವಾಗ ಅವರೇ ಆರಂಕಿಯನ್ನು ಸಲೀಸಾಗಿ ಬರೆಯುತ್ತಾರಲ್ಲ! ತುಮಕೂರು 572101, ಗುಬ್ಬಿ 572216, ಕುಣಿಗಲ್ 572130. ಎಸ್ಸೆಸ್ಸೆಲ್ಸಿಗಾಗಲಿ, ಎಫ್‌ಡಿಎ ಪರೀಕ್ಷೆಗಾಗಲಿ, ಅಭ್ಯಾಸಕ್ಕೆ ಈ ಮೂರನ್ನೇ ಹಿಡಿಯಿರಿ.

1. ಮೊದಲು ಬಾಲ ನೋಡಿ. ಕುಣಿಗಲ್ಲಿನದು ಸೊನ್ನೆ, 2, 5 ಎರಡೂ ಹೋಗುತ್ತವೆ. ಗುಬ್ಬಿಯ ಕೊನೆಯ ಮೂರಂಕಿ 216, ಅಂದರೆ 8×27. ಸಾವಿರವೇ 8ರಿಂದ ಭಾಗವಾಗುವುದರಿಂದ ಮುಂದಿನ ಅಂಕಿಗಳ ಚಿಂತೆ ಬೇಡ, ಇಡೀ ಸಂಖ್ಯೆಗೆ 8 ಹೋಗುತ್ತದೆ.

2. ಅಂಕಿಗಳನ್ನು ಕೂಡಿ. ಕುಣಿಗಲ್ 18, ಆದ್ದರಿಂದ 9 ಹೋಗುತ್ತದೆ. ತುಮಕೂರು 16, ಗುಬ್ಬಿ 23. ಎರಡಕ್ಕೂ 3 ಹೋಗದು.

3. ಒಮ್ಮೆ ಭಾಗವಾಯಿತೆಂದು ಅಲ್ಲಿಗೇ ಬಿಡಬೇಡಿ. 572130ನ್ನು 10ರಿಂದ, ಆಮೇಲೆ 9ರಿಂದ ಭಾಗಿಸಿದರೆ 6357. ಅಂಕಿಗಳ ಮೊತ್ತ 21, ಇನ್ನೊಂದು 3 ಒಳಗೇ ಇದೆ! ತೆಗೆದರೆ 2119, ಅದು 13×163. ಪೂರ್ತಿ ಬರೆದರೆ 2×3³×5×13×163. ಹೆಚ್ಚಿನವರು ಅಂಕ ಕಳೆದುಕೊಳ್ಳುವುದು ಈ ಮೂರನೇ 3ರಲ್ಲಿ.

4. ಸುಳಿವು ಕೊಡದ ಸಂಖ್ಯೆಗೆ ತಾಳ್ಮೆಯೇ ಮದ್ದು. 572101ಕ್ಕೆ 2, 3, 5, 7, 11, 13 ಯಾವುದೂ ಹೋಗದು. 17ಕ್ಕೆ ಒಂದು ಉಪಾಯವಿದೆ: ಕೊನೆಯ ಅಂಕಿಯನ್ನು 5ರಿಂದ ಗುಣಿಸಿ, ಉಳಿದ ಸಂಖ್ಯೆಯಿಂದ ಕಳೆಯುತ್ತ ಬನ್ನಿ. 57210−5=57205. 5720−25=5695. 569−25=544. 54−20=34. ಅದು 17ರ ಮಗ್ಗಿಯಲ್ಲಿದೆ, ಸಿಕ್ಕಿತು! ಭಾಗಿಸಿದರೆ 33653, ಅದು 73×461. ತುಮಕೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿಯ ಸಂಖ್ಯೆಯೂ 73, ನೆನಪಿಡಲು ಸುಲಭ.

5. ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿರಲಿ. ಗುಬ್ಬಿಯಿಂದ 8 ತೆಗೆದರೆ 71527. ಇದರ ವರ್ಗಮೂಲ 267ಕ್ಕಿಂತ ತುಸು ಹೆಚ್ಚು. ಎರಡು ಅಪವರ್ತನಗಳೂ ವರ್ಗಮೂಲಕ್ಕಿಂತ ದೊಡ್ಡವಾಗಿದ್ದರೆ ಗುಣಲಬ್ಧ ಸಂಖ್ಯೆಯನ್ನೇ ಮೀರುತ್ತದೆ. ಹಾಗಾಗಿ 263ರವರೆಗಿನ 56 ಅವಿಭಾಜ್ಯಗಳನ್ನು ನೋಡಿದರೆ ಮುಗಿಯಿತು. ಒಂದೂ ಹೋಗದು, 71527 ಅವಿಭಾಜ್ಯ.

6. ಗಾತ್ರಕ್ಕೆ ಮರುಳಾಗಬೇಡಿ. ಭಾಜಕಗಳೆಷ್ಟು ಎಂದು ತಿಳಿಯಲು ಪ್ರತಿ ಘಾತಕ್ಕೆ 1 ಸೇರಿಸಿ ಗುಣಿಸಿ. ಕುಣಿಗಲ್ಲಿಗೆ 2×4×2×2×2, ಅಂದರೆ 64. ಮೂರರಲ್ಲಿ ದೊಡ್ಡದಾದ ಗುಬ್ಬಿಗೆ ಬರೀ 8. ತುಮಕೂರಿಗೂ 8.

7. ಮ.ಸಾ.ಅ. ಕೇಳಿದರೆ ಕಳೆದು ನೋಡಿ. ಎರಡು ಸಂಖ್ಯೆಗಳನ್ನು ಭಾಗಿಸುವುದು ಅವುಗಳ ವ್ಯತ್ಯಾಸವನ್ನೂ ಭಾಗಿಸಲೇಬೇಕು. ಕುಣಿಗಲ್ಲಿನಿಂದ ತುಮಕೂರನ್ನು ಕಳೆದರೆ 29, ಅದೂ ಅವಿಭಾಜ್ಯ. ತುಮಕೂರಿನ 17, 73, 461ರಲ್ಲಿ 29 ಇಲ್ಲ. ಮ.ಸಾ.ಅ. 1, ಎರಡೇ ಸಾಲಿನಲ್ಲಿ ಉತ್ತರ.

ಈಗ ತಿಪಟೂರಿನ 572201 ತೆಗೆದುಕೊಳ್ಳಿ. 7ರಿಂದ ಶುರುಮಾಡಿ, ಕ್ಯಾಲ್ಕುಲೇಟರ್ ಮುಟ್ಟಬೇಡಿ. ಮೂರು ಅವಿಭಾಜ್ಯಗಳು ಸಿಗುವವರೆಗೆ ಬಿಡಬೇಡಿ.